ಸಮುದ್ರಕ್ಕೆ ಹೋಗೋಕೆ ಕುಕ್ಕರ್ ಯಾಕೆ?

ನಮ್ಮನೆಯವರು ರಿಟೈರ್ ಆದಾಗಿನಿಂದ ಒಂದೇ ಜಪ. ಜನವರಿಯಲ್ಲಿ ಮೂರು ವಾರ ಕರಾವಳಿ. ಉಡುಪಿ, ಮುರ್ಡೇಶ್ವರ, ಗೋಕರ್ಣ. ನನಗೂ ಸಂತೋಷವೇ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ಸಮುದ್ರ ನೋಡೇ ಇಲ್ಲ ಅಂತಲ್ಲ, ಆದ್ರೆ ಯಾವಾಗ್ಲೂ ದೇವಸ್ಥಾನಕ್ಕೆ ಹೊತ್ತಾಯ್ತು ಅಂತ ಸೆರಗಲ್ಲಿ ಕಾಲು ಒರೆಸ್ಕೊಂಡು ಓಡಿದ್ದೇ ಬಂತು. ಈ ಸಲ ಅವರು "ಅಡುಗೆಮನೆ ಇರೋ ಮನೆ ಬಾಡಿಗೆಗೆ ಹಿಡಿಯೋಣ, ಹೋಟ್ಲು ಖರ್ಚು ಉಳಿಯುತ್ತೆ" ಅಂದ್ರು ನೋಡಿ, ಅಲ್ಲಿ ನನಗೆ ಪಿತ್ತ ನೆತ್ತಿಗೇರ್ತು.

ಅದಕ್ಕೆ ಆಮೇಲೆ ಬರ್ತೀನಿ. ಮೊದಲು ದಾರಿ ಮಾತು. ಮಗ ಇಲ್ಲಿಂದಲೇ ಕಾರು ಮಾಡ್ಕೊಳ್ಳಿ ಅಂತಾನೆ. ನಾನು ಬೇಡ ಅಂದೆ. ಹಿಂದೊಂದ್ಸಲ ಉದಯಗಿರಿಯಿಂದ ಕಾರು ಮಾಡ್ಕೊಂಡು ನಾಲ್ಕು ದಿನ ಹೋಗಿದ್ವಿ. ಘಾಟಿಯಲ್ಲಿ ವಾಂತಿ ಬೇರೆ. ಎರಡು ದಿನ ಕಾರು ತೆಂಗಿನಮರದ ಕೆಳಗೆ ಸುಮ್ನೆ ನಿಂತಿತ್ತು, ಬಿಲ್ಲು ಮಾತ್ರ ದಿನಕ್ಕೆ ಮುನ್ನೂರು ಕಿಲೋಮೀಟರ್ ಲೆಕ್ಕ, ಮೇಲೆ ಡ್ರೈವರ್ ಬಾಟಾ. ಮೂರು ವಾರಕ್ಕೆ ಹಂಗೆ ಮಾಡಿದ್ರೆ ಪಿಂಚಣಿ ದುಡ್ಡು ಕಾರಿನ ಚಕ್ರಕ್ಕೇ ಸರಿಹೋಗುತ್ತೆ.

ನಮಗೆ ರೈಲೇ ಸರಿ. ಬೆಂಗಳೂರಿಂದ ಮೈಸೂರಿನ ಮೇಲೆ ಮಂಗಳೂರಿಗೆ ಹೋಗ್ತಿದ್ದ ರಾತ್ರಿ ಗಾಡೀನ 2023ರಲ್ಲಿ ಮುರ್ಡೇಶ್ವರದವರೆಗೂ ಬಿಟ್ಟಿದಾರೆ. ಇಲ್ಲಿ ಹತ್ತಿ ಮಲಗಿದ್ರೆ ಆಯ್ತು. ಟಿಕೆಟ್ಟು ಮೊದಲು 120 ದಿನ ಮುಂಚೆ ಸಿಗ್ತಿತ್ತು, 2024ರ ನವೆಂಬರಿನಿಂದ 60 ದಿನ ಮಾತ್ರ. ನಮ್ಮಂಥ ಮಂಡಿನೋವಿನವರು ಇದನ್ನ ನೆನಪಿಟ್ಕೊಳ್ಳಿ: 45 ತುಂಬಿದ ಹೆಂಗಸರಿಗೂ 60 ತುಂಬಿದ ಗಂಡಸರಿಗೂ ಕೆಳಗಿನ ಬರ್ತಿಗೆ ಬೇರೆ ಕೋಟಾ ಇದೆ. ಆದ್ರೆ ಒಂದು ಟಿಕೆಟ್ಟಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಇರಬಾರದು. ನಾದಿನಿ, ಅವರ ಮಕ್ಕಳು ಎಲ್ಲಾ ಒಟ್ಟಿಗೇ ಅಂತ ಸೇರಿಸಿದ್ರೆ ಆ ಕೋಟಾ ಹೋಯ್ತು. ಹಿರಿಯರಿಗಿದ್ದ ರಿಯಾಯಿತಿ 2020ರಲ್ಲೇ ನಿಂತಿದೆ, ಅದನ್ನ ಲೆಕ್ಕ ಹಾಕ್ಕೊಂಡು ಕೂರಬೇಡಿ.

ಕಾರು ಬೇಕಾದ ದಿನ ಅಲ್ಲೇ ಸಿಗುತ್ತೆ. ಮರವಂತೆ, ಕೊಲ್ಲೂರು ಒಂದು ದಿನ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಅಲ್ಲಿ ಬೇಕಾದ ಕಡೆ ಇಳಿಯೋಕೆ ಕಾರೇ ಚೆನ್ನ. ಹಳದಿ ಬೋರ್ಡಿನ ಟ್ಯಾಕ್ಸಿ ತಗೊಳ್ಳಿ. ನಾವೇ ಓಡಿಸ್ಕೊಳ್ಳೋ ಬಾಡಿಗೆ ಕಾರಾದ್ರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಕಮ್ಮಿಗೆ ಸಿಗುತ್ತೆ ಅಂತ ಬಿಳಿ ಬೋರ್ಡಿನದು ಹತ್ತಬೇಡಿ, ಅದು ಕಾನೂನಿಗೆ ವಿರುದ್ಧ. ಮಿಕ್ಕ ದಿನಕ್ಕೆ ಆಟೋ ಸಾಕು. ಗೋಕರ್ಣದ ಸ್ಟೇಷನ್ನು ಊರಿಂದ ದೂರ, ಅಲ್ಲಂತೂ ಆಟೋ ಬೇಕೇ ಬೇಕು.

ಈಗ ಅಡುಗೆಮನೆ. ಖರ್ಚು ಉಳಿಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಯಾರ ಕೈಯಿಂದ ಉಳಿಯುತ್ತೆ? ಬೆಳಗ್ಗೆ ಎದ್ದು ಗೊತ್ತಿಲ್ಲದ ಊರಲ್ಲಿ ಹಾಲು ಎಲ್ಲಿ, ಕೊತ್ತಂಬರಿ ಎಲ್ಲಿ ಅಂತ ಹುಡುಕಿ, ಸಾರು ಕುದಿಸಿ, ಪಾತ್ರೆ ತೊಳೆದು ಬೀಚಿಗೆ ಹೋಗೋ ಹೊತ್ತಿಗೆ ಬಿಸಿಲು ನೆತ್ತಿ ಮೇಲೆ. ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ರಾತ್ರಿಗೇನು ಅನ್ನೋ ಪ್ರಶ್ನೆ. ಅಷ್ಟಕ್ಕೆ ರೈಲು ಹತ್ತಿ ಅಲ್ಲಿವರೆಗೂ ಯಾಕೆ ಹೋಗಬೇಕು, ಉದಯಗಿರಿಯಲ್ಲೇ ಇರ್ತೀನಲ್ಲ! ನೀರುದೋಸೆ, ಗೋಳಿಬಜೆ, ಬನ್ಸು ಬಿಸಿಬಿಸಿ ಸಿಗೋ ಸೀಮೆಗೆ ಹೋಗಿ ನಾನು ಉಪ್ಪಿಟ್ಟು ತಿರುವಬೇಕಾ? ಉಡುಪಿ ಮಠದಲ್ಲಿ ಮಧ್ಯಾಹ್ನದ ಊಟಾನೂ ಇದೆ.

ದುಡ್ಡು ಕಮ್ಮಿ ಬಿದ್ರೆ ಮೂರು ವಾರಾನ ಎರಡು ವಾರ ಮಾಡಿ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯ್ತು. ಕಾಫಿ ಕಾಯಿಸೋಕೆ ಒಂದು ಕೆಟಲ್ಲು ಇರಲಿ, ಅದೂ ಅವರೇ ಕಾಯಿಸೋದು ಅಂತ ಒಪ್ಪಂದ ಆಯ್ತು.

ಅತ್ತೆಯವರನ್ನ ಓರಗಿತ್ತಿ ನೋಡ್ಕೊಳ್ತಾಳೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಬಾಯಿಬಿಟ್ಟು ಕೇಳಿದೆ. "ಇದಕ್ಕೆ ಇಷ್ಟು ಸಂಕೋಚಾನಾ, ಹೋಗಿ ಬನ್ನಿ ಅಕ್ಕ" ಅಂದ್ಲು. ಮುಂಚೇನೇ ಕೇಳಬಹುದಿತ್ತು.

ಸಾಮಾನಿನ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿದೀವಿ. ಅದರಲ್ಲಿ ಕುಕ್ಕರ್ ಅಂತಿದ್ದದ್ದನ್ನ ಹೊಡೆದು ಹಾಕಿದ್ದೆ. ಇವತ್ತು ನೋಡಿದ್ರೆ ಯಾರೋ ಕೆಳಗಡೆ ಮತ್ತೆ ಬರೆದಿದಾರೆ, "ಚಿಕ್ಕದು" ಅಂತ ಸೇರಿಸಿ.