ಗುಡಿಗೆ ವಿನಾಯಿತಿ, ದೇಹವೆಂಬ ದೇಗುಲಕ್ಕೆ ಕಂದಾಯ

ಶಿವಾಲಯವನ್ನೂ ದೇಹವನ್ನೂ ಎದುರುಬದುರಾಗಿ ನಿಲ್ಲಿಸಿದ ಬಸವಣ್ಣನವರ ವಚನವನ್ನು ಅರಿಯದ ಭಕ್ತರಿಲ್ಲ. ಸಿರಿವಂತರು ಕಲ್ಲಿನ ಗುಡಿಯನ್ನು ಕಟ್ಟಿಸಬಲ್ಲರು. ಏನೂ ಇಲ್ಲದ ಬಡವನು ತನ್ನ ಮೈಯನ್ನೇ ಗುಡಿಯಾಗಿಸಿ ಅರ್ಪಿಸುತ್ತಾನೆ. ಕಟ್ಟಿದ ಗುಡಿಗಿಂತ ಚೈತನ್ಯವುಳ್ಳ ದೇಹವೇ ಹಿರಿದೆಂಬುದು ಆ ವಚನದ ತಾತ್ಪರ್ಯ. ಪ್ರವಚನಗಳಲ್ಲಿಯೂ ಶಾಲೆಯ ಪ್ರಾರ್ಥನೆಗಳಲ್ಲಿಯೂ ಅದು ಮೊಳಗುತ್ತದೆ. ಆದರೆ ಊರಿನ ತೆರಿಗೆಯ ಲೆಕ್ಕದೊಳಕ್ಕೆ ಮಾತ್ರ ಅದಕ್ಕೆ ಇನ್ನೂ ಪ್ರವೇಶ ದೊರೆತಿಲ್ಲ.

ತುಮಕೂರು ಮಹಾನಗರ ಪಾಲಿಕೆಯ ಮನೆ ಕಂದಾಯಕ್ಕೆ ಆಧಾರ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಯಾವ ಕಟ್ಟಡಗಳಿಗೆ ತೆರಿಗೆಯಿಲ್ಲವೆಂಬುದನ್ನು ಅದರ 110ನೆಯ ಪ್ರಕರಣ ಹೇಳುತ್ತದೆ. ಸಾರ್ವಜನಿಕ ಪೂಜಾಸ್ಥಳಗಳು, ಛತ್ರಗಳು, ಅನಾಥಾಲಯಗಳು, ಕಿವುಡ ಮೂಗರ ಶಾಲೆ ಮತ್ತು ವಸತಿಗಳು, ಧರ್ಮಾರ್ಥ ಆಸ್ಪತ್ರೆಗಳು ಆ ಪಟ್ಟಿಯಲ್ಲಿವೆ. ಇವುಗಳಿಗೆ ವಿನಾಯಿತಿ ನೀಡಿರುವುದು ಉಚಿತವೇ ಆಗಿದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಿವುಡ ಮಗುವು ಶಾಲೆಯ ವಸತಿಯಲ್ಲಿರುವವರೆಗೆ ಆ ಸೂರಿಗೆ ತೆರಿಗೆಯಿಲ್ಲ. ಅದೇ ಮಗು ಬೆಳೆದು, ದುಡಿದು, ತನ್ನದೇ ಆದ ಎರಡು ಕೋಣೆಯ ಮನೆಯಲ್ಲಿ ನೆಲೆಸಿದೊಡನೆ ಕಂದಾಯದ ಚಲನ್ ಬರುತ್ತದೆ. ಸಂಸ್ಥೆಯ ಆಶ್ರಯದಲ್ಲಿರುವ ವೈಕಲ್ಯಕ್ಕೆ ಕಾನೂನು ಕರುಣೆ ತೋರುತ್ತದೆ; ಸ್ವಂತ ಕಾಲ ಮೇಲೆ ನಿಂತ ವೈಕಲ್ಯವನ್ನು ಅದು ಕಾಣುವುದೇ ಇಲ್ಲ.

ರಿಯಾಯಿತಿಯೇ ಇಲ್ಲವೆಂದಲ್ಲ. ಏಪ್ರಿಲ್ ತಿಂಗಳೊಳಗೆ ವರ್ಷದ ತೆರಿಗೆಯನ್ನು ಪೂರ್ಣವಾಗಿ ಕಟ್ಟಿದವರಿಗೆ ಶೇ. 5ರಷ್ಟು ರಿಯಾಯಿತಿ ಉಂಟು. ಶಿರಾ ಗೇಟ್ ಬಳಿಯ ಅಂಗಡಿ ಸಾಲಿನ ಒಡೆಯನೊಬ್ಬನಿಗೆ ವರ್ಷಕ್ಕೆ 40,000 ರೂಪಾಯಿ ತೆರಿಗೆ ಬರುತ್ತದೆಂದು ಭಾವಿಸೋಣ. ಏಪ್ರಿಲ್‌ನಲ್ಲೇ ಕಟ್ಟಿದರೆ ಅವನಿಗೆ 2,000 ರೂಪಾಯಿ ಉಳಿಯುತ್ತದೆ. ಹಿಂದಿನ ಓಣಿಯಲ್ಲಿ, ಪೋಲಿಯೊದಿಂದ ಕಾಲು ಸೋತ ದರ್ಜಿಯೊಬ್ಬನ ಮನೆಯ ಇಡೀ ವರ್ಷದ ಕಂದಾಯವೇ 2,000 ರೂಪಾಯಿ ಇರಬಹುದು. ಶಾಲೆಯ ಶುಲ್ಕ, ಔಷಧ, ಬಾಡಿಗೆ ಯಂತ್ರದ ಹಣ ಇವೆಲ್ಲ ತೀರಿದ ಮೇಲೆ ಅವನು ಆಷಾಢದ ಹೊತ್ತಿಗೆ ಕಟ್ಟಿದರೆ ಆ ನೂರು ರೂಪಾಯಿಯೂ ಉಳಿಯದು. ಇನ್ನೂ ತಡವಾದರೆ ದಂಡವೂ ಸೇರುತ್ತದೆ. ಕೈಯಲ್ಲಿ ನಗದು ಇದ್ದವನಿಗೆ ಬಹುಮಾನ, ಇಲ್ಲದವನಿಗೆ ದಂಡ. ಇದು ಯಾವ ನ್ಯಾಯ?

2020ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಹೆಚ್ಚುವರಿ ಸಾಲಕ್ಕೆ ವಿಧಿಸಿದ ಷರತ್ತುಗಳಲ್ಲಿ ನಗರಗಳ ಆಸ್ತಿ ತೆರಿಗೆಯನ್ನು ಭೂಮಿಯ ಮಾರ್ಗಸೂಚಿ ದರಕ್ಕೆ ಹೊಂದಿಸಬೇಕೆಂಬುದೂ ಒಂದಾಗಿತ್ತು. ಅದರಂತೆ ಕಾಯ್ದೆ ತಿದ್ದುಪಡಿಯಾಗಿ 2021-22ನೆಯ ಸಾಲಿನಿಂದ ತೆರಿಗೆಯ ಲೆಕ್ಕಕ್ಕೆ ಚಾಲ್ತಿಯ ಮಾರ್ಗಸೂಚಿ ದರವೇ ಬುನಾದಿಯಾಯಿತು. 2023ರ ಅಕ್ಟೋಬರ್ 1ರಿಂದ ಆ ದರವೂ ಪರಿಷ್ಕೃತವಾಯಿತು. ಮಾರ್ಗಸೂಚಿ ದರವೆಂಬುದು ಮನೆ ಮಾರುವವನಿಗೆ ಸಂಬಂಧಿಸಿದ ಮಾತು. ಹೆದ್ದಾರಿಯ ದೆಸೆಯಿಂದ ಸುತ್ತಲಿನ ನಿವೇಶನಗಳ ಬೆಲೆ ಏರಿದರೆ, ತಂದೆಯ ಕಾಲದ ಹೆಂಚಿನ ಮನೆಯಲ್ಲಿ ಬದುಕಿರುವ ವಿಧವೆಯ ಹಿಟ್ಟಿನ ಮಡಕೆ ತುಂಬುವುದಿಲ್ಲ.

ಇದಕ್ಕೆ ಭಕ್ತರಲ್ಲೇ ಕೆಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಕಾಯಕ ಧರ್ಮದವರು ರಿಯಾಯಿತಿಗೆ ಕೈಯೊಡ್ಡಬಾರದಂತೆ. ಆಯ್ದಕ್ಕಿ ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳಲ್ಲವೆ ಎಂದು ಕೇಳುತ್ತಾರೆ. ಇದು ಶರಣಚರಿತೆಯನ್ನು ತಲೆಕೆಳಗಾಗಿ ಓದುವ ಬಗೆ. ಲಕ್ಕಮ್ಮ ಹಿಂದಿರುಗಿಸಿದ್ದು ಅಗತ್ಯಕ್ಕಿಂತ ಮಿಗಿಲಾದುದನ್ನು. ಆಕೆಯ ಎಚ್ಚರಿಕೆ ಸಂಗ್ರಹಬುದ್ಧಿಗೆ, ಕೊರತೆಯಲ್ಲಿರುವವನಿಗಲ್ಲ. ಆ ಮಾತನ್ನು ಇಂದು ಯಾರಿಗಾದರೂ ಹೇಳುವುದಾದರೆ, ಏಪ್ರಿಲ್ ರಿಯಾಯಿತಿಯನ್ನು ಕೇಳದೆಯೇ ಪಡೆಯುವ ಅಂಗಡಿ ಸಾಲಿನ ಒಡೆಯನಿಗೆ ಹೇಳಬೇಕು.

ಪಾಲಿಕೆಗಳು ತಮ್ಮ ನಿಧಿಯಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮ ಈಗಾಗಲೇ ಇದೆ, ಮತ್ತೇಕೆ ರಿಯಾಯಿತಿ ಎಂದು ಕೇಳುವವರೂ ಉಂಟು. ವೇದಿಕೆಯ ಮೇಲೆ ಹಾರ ಹಾಕಿ, ಭಾವಚಿತ್ರ ತೆಗೆಸಿ ತ್ರಿಚಕ್ರ ವಾಹನ ಕೊಡುವುದು ಔದಾರ್ಯ. ಮನೆಯ ಕಂದಾಯವನ್ನು ಸದ್ದಿಲ್ಲದೆ ಕಡಿಮೆ ಮಾಡುವುದು ನ್ಯಾಯ. ಔದಾರ್ಯಕ್ಕೆ ಫಲಾನುಭವಿ ಬೇಕು, ನ್ಯಾಯಕ್ಕೆ ಪ್ರಜೆ ಸಾಕು. ಕೊಡುವವನ ಅಹಂ ಅಳಿಯದೆ ದಾಸೋಹವಾಗದೆಂಬುದು ಶರಣರ ನಿಲುವು.

ಹೀಗೆ ಮಾಡಿದವರಿಲ್ಲವೆಂದೂ ಅಲ್ಲ. ಕಾಸರಗೋಡಿನ ಕನ್ನಡಿಗರು ಬದುಕುವ ಕೇರಳದಲ್ಲಿ, 2023ರಲ್ಲಿ 60 ಚದರ ಮೀಟರ್‌ವರೆಗಿನ ಸ್ವಂತ ವಾಸದ ಮನೆಗಳನ್ನು ಕಟ್ಟಡ ತೆರಿಗೆಯಿಂದ ಬಿಡಲಾಯಿತು. ಇನ್ನು, 2015ರ ನವೆಂಬರ್ 14ರಂದು ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪುತ್ಥಳಿ ಅನಾವರಣಗೊಂಡ ಲಂಡನ್ನಿನ ನಾಡು ಒಂದು ಎಚ್ಚರಿಕೆಯ ಪಾಠವನ್ನು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಬಡವರ ಮನೆ ತೆರಿಗೆಗೆ ರಾಷ್ಟ್ರವ್ಯಾಪಿ ನೆರವಿತ್ತು. 2013ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿ, ಅನುದಾನವನ್ನು ಶೇ. 10ರಷ್ಟು ತಗ್ಗಿಸಿ, ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲಾಯಿತು. ಪಿಂಚಣಿ ವಯಸ್ಸಿನವರಿಗೆ ಕಾನೂನಿನ ರಕ್ಷಣೆ ಉಳಿಯಿತು. ದುಡಿಯುವ ವಯಸ್ಸಿನ ಬಡವರು ಆಯಾ ಊರಿನ ಮರ್ಜಿಗೆ ಬಿದ್ದರು, ಅವರಲ್ಲಿ ಅನೇಕರಿಗೆ ನೆರವು ಕುಗ್ಗಿತು. ರಿಯಾಯಿತಿಯು ಕಾಯ್ದೆಯಲ್ಲಿ ಬರೆದಿರಬೇಕು; ಮರ್ಜಿಯಲ್ಲಿ ಉಳಿದದ್ದು ಮೊದಲು ಕಡಿತವಾಗುತ್ತದೆ.

ಆದುದರಿಂದ 110ನೆಯ ಪ್ರಕರಣಕ್ಕೆ ಒಂದು ಸಾಲನ್ನು ಸೇರಿಸಬೇಕೆಂದು ಸರ್ಕಾರವನ್ನು ಕೇಳಬೇಕಾಗಿದೆ. ಒಂದೇ ಮನೆಯುಳ್ಳ, ಅದರಲ್ಲೇ ವಾಸಿಸುವ ವಿಕಲಚೇತನರಿಗೆ ಹಾಗೂ ಕಡಿಮೆ ಆದಾಯದ ಕುಟುಂಬಗಳಿಗೆ ಕಂದಾಯದಲ್ಲಿ ರಿಯಾಯಿತಿ ಸಿಗಬೇಕು. ವೈಕಲ್ಯದ ವಿಶಿಷ್ಟ ಗುರುತಿನ ಚೀಟಿ, ಬಿಪಿಎಲ್ ಪಡಿತರ ಚೀಟಿ ಇವೇ ದಾಖಲೆಯಾಗಲಿ. ಊರುಗೋಲು ಹಿಡಿದವರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ಬೇಡ.

ಇದನ್ನು ಮೊದಲು ಕೇಳಬೇಕಾದವರು ಯಾರು? ಆ ಪ್ರಕರಣದ ನೆರಳಿನಲ್ಲಿ ತಮ್ಮ ಪೂಜಾಸ್ಥಳಗಳಿಗೆ ವಿನಾಯಿತಿ ಪಡೆದಿರುವ ಮಠಗಳು ಮತ್ತು ಅವುಗಳ ಭಕ್ತರು. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ಲೋಕಮಾನ್ಯರಾಗಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಜಿಲ್ಲೆಯಿದು. ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಂಡವರೇ ಬಸವಣ್ಣನವರು. ಲೆಕ್ಕಪತ್ರವು ಧರ್ಮದಿಂದ ಹೊರಗಿನದೆಂದು ಅವರು ಎಣಿಸಲಿಲ್ಲ. ಕಾಲುಗಳನ್ನೇ ಕಂಬಗಳೆಂದು ಕಂಡವರ ಅನುಯಾಯಿಗಳು, ಕಂಬ ಕುಸಿದ ದೇಗುಲವೊಂದು ಕಂದಾಯದ ಸಾಲಿನಲ್ಲಿ ನಿಂತಿರುವಾಗ, ತಮ್ಮ ಗುಡಿಯ ವಿನಾಯಿತಿಯನ್ನು ಮಾತ್ರ ಭದ್ರವಾಗಿಟ್ಟುಕೊಂಡು ಸುಮ್ಮನಿರುವುದು ಸಲ್ಲದು.