ಕುರ್ಚಿ ಬಯಸದ ಸಂನ್ಯಾಸಿ

ಸೆಪ್ಟೆಂಬರ್ 17 ಬಂದಿತೆಂದರೆ ನಮ್ಮ ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ, ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. ಬೇಡವೆನ್ನಲು ನಾನಾರು? 1948ರ ಆ ದಿನ ನಿಜಾಮರು ಮಣಿಯದೆ ಹೋಗಿದ್ದರೆ ಈ ಸೀಮೆಯ ಗತಿ ಏನಾಗುತ್ತಿತ್ತೋ! ಆದರೆ ಖೂಬಾ ಪ್ಲಾಟಿನ ನಮ್ಮ ನೆರೆಹೊರೆಯ ಕಾಲೇಜು ಹುಡುಗರನ್ನು, ಮೊದಲನೆಯ ಲೋಕಸಭೆಗೆ ಈ ಊರು ಯಾರನ್ನು ಕಳುಹಿಸಿತ್ತು ಎಂದು ಕೇಳಿದರೆ ಅವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕಳುಹಿಸಿದ್ದು ಸ್ವಾಮಿ ರಾಮಾನಂದ ತೀರ್ಥರನ್ನು, 1952ರಲ್ಲಿ.

1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದ ವೆಂಕಟರಾವ್ ಖೇಡಗೀಕರರು ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿದ್ದು, ಆಮೇಲೆ ಹಿಪ್ಪರಗೆಯ ರಾಷ್ಟ್ರೀಯ ಶಾಲೆಯಲ್ಲಿ ಮೇಷ್ಟರಾದರು; ಕಾವಿ ತೊಟ್ಟರು. ಕಾವಿ ತೊಟ್ಟವರು ಲೋಕದ ಗೊಡವೆ ಬಿಡುವುದು ವಾಡಿಕೆ. ಇವರು ಹಿಡಿದದ್ದು ಸೆರೆಮನೆಯ ದಾರಿಯನ್ನು. ಸಭೆ ಕೂಡಲು ಸರಕಾರದ ಅಪ್ಪಣೆ ಬೇಕು. ಖಾಸಗಿ ಶಾಲೆ ತೆರೆಯಲೂ ಅಪ್ಪಣೆ ಬೇಕು. ಮಕ್ಕಳು ಮನೆಯಲ್ಲಿ ಆಡುವುದು ಕನ್ನಡವೋ ಮರಾಠಿಯೋ ತೆಲುಗೋ, ಕಚೇರಿಯೂ ಕಾಲೇಜೂ ನಡೆಯುವುದು ಉರ್ದುವಿನಲ್ಲಿ. ಇಂಥ ರಾಜ್ಯದಲ್ಲಿ 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಎಂಬ ಹೆಸರೆತ್ತಿದ್ದೇ ತಡ, ಸಂಸ್ಥೆ ಕಣ್ಣು ಬಿಡುವ ಮೊದಲೇ ನಿಷೇಧ ಬಂತು. ಸ್ವಾಮೀಜಿ ಸತ್ಯಾಗ್ರಹ ಹೂಡಿ ಸೆರೆ ಸೇರಿದರು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಮತ್ತೆ ಒಳಗಾದರು. ಭಾರತದ ಸೇನೆ ಬಂದಾಗಲೂ ಅವರಿದ್ದುದು ಸೆರೆಮನೆಯಲ್ಲೇ.

ಇಷ್ಟು ಮಾತ್ರವಾಗಿದ್ದರೆ ಅವರು ಅನೇಕ ವೀರರಲ್ಲಿ ಒಬ್ಬರು. ನನಗೆ ಅವರು ದೊಡ್ಡವರಾಗಿ ಕಾಣುವುದು ಗೆದ್ದ ಮೇಲೆ. 1952ರಲ್ಲಿ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಯಾದವರು ಬೂರ್ಗುಲ ರಾಮಕೃಷ್ಣರಾಯರು. ಸ್ವಾಮೀಜಿ ಮಂತ್ರಿಯ ಕುರ್ಚಿಯನ್ನೂ ಏರಲಿಲ್ಲ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ತಾವು ಬಿಡಿಸಿಕೊಂಡ ರಾಜ್ಯವನ್ನೇ ಮೂರು ಭಾಷೆಗಳಿಗೆ ಹಂಚಿ ಇಲ್ಲವಾಗಿಸಬೇಕೆಂದು ಅವರು ವಾದಿಸಿದರು. ನೆಹರೂ ಅವರಿಗೆ ಆ ರಾಜ್ಯವನ್ನು ಒಡೆಯುವ ಮನಸ್ಸಿರಲಿಲ್ಲ. ಮೆಚ್ಚಿನ ನಾಯಕನ ಇದಿರು ನಿಂತು ಆಡಬೇಕಾದ ಮಾತು ಅದು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರಗಳು ಮೈಸೂರು ರಾಜ್ಯಕ್ಕೆ ಸೇರಿದುವು. ತಮ್ಮನ್ನು ಆರಿಸಿದ ಕ್ಷೇತ್ರ ಬೇರೆ ರಾಜ್ಯದ ಪಾಲಾಗುವಂಥ ಬೇಡಿಕೆಯನ್ನು ಯಾವ ರಾಜಕಾರಣಿ ಮುಂದಿಡುತ್ತಾನೆ, ಹೇಳಿ! 1957ರಲ್ಲಿ ಅವರು ಔರಂಗಾಬಾದಿನಿಂದ ಗೆದ್ದರು.

ಇಲ್ಲಿ ಕಹಿಯಾದ ಮಾತೊಂದನ್ನು ಆಡಬೇಕಾಗಿದೆ. ಈ ಹೋರಾಟದ ಕಥೆಯನ್ನು ಎರಡು ಮತಗಳ ಜಗಳವೆಂದು ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ರಜಾಕಾರರ ಕ್ರೌರ್ಯಕ್ಕೆ ಗೋರಟಾ ಗ್ರಾಮ ಸಾಕ್ಷಿ; ಅದನ್ನು ಮರೆಯಲಾಗದು. ಆದರೆ ಭಾರತದೊಡನೆ ಸೇರಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಕೊಲೆಯಾದ ಸಂಪಾದಕನ ಹೆಸರು ಶೋಯಬುಲ್ಲಾ ಖಾನ್. ಸೇನೆ ಬಂದ ಮೇಲೆ ಸಾವಿರಾರು ಮುಸಲ್ಮಾನರು ಹತರಾದರು. ನೆಹರೂ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಬೀದರನ್ನೂ ಎಣಿಸಿತು. ಅನ್ಯಾಯದ ವಿರುದ್ಧ ಹೋರಾಡಿದವರನ್ನು ಕೊಂಡಾಡುವ ವೇದಿಕೆಯಲ್ಲಿ ಈ ಅನ್ಯಾಯಕ್ಕೆ ಒಂದು ವಾಕ್ಯದಷ್ಟೂ ಎಡೆಯಿಲ್ಲದಿದ್ದರೆ ಆ ಮೆಚ್ಚುಗೆಗೆ ಏನು ಬೆಲೆ?

ಸ್ವಾಮೀಜಿ 1967ರಲ್ಲಿ ತಮ್ಮ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1972ರ ಜನವರಿಯಲ್ಲಿ ತೀರಿಕೊಂಡರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ. ನಾಂದೇಡದ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರಿದೆ. ಅಲ್ಲಿಯವರು ತಮ್ಮ ಋಣವನ್ನು ಆ ಬಗೆಯಲ್ಲಿ ತೀರಿಸಿದರು. ನಮ್ಮ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಸೆಪ್ಟೆಂಬರ್ 16ರಂದು, ಧ್ವಜಸ್ತಂಭಕ್ಕೆ ಸುಣ್ಣ ಬಳಿಯುವ ಗಡಿಬಿಡಿಯ ನಡುವೆ, ಒಂದು ಪಾಠದ ಅವಧಿಯನ್ನು ಈ ಸಂನ್ಯಾಸಿಗೆ ಕೊಡಿರಿ, ಶೋಯಬುಲ್ಲಾನ ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ.