ರಾತ್ರಿ ಪಾಳಿಗೂ ತಜ್ಞರು ಬೇಕು

ಕುಡಚಿಯ ಕಬ್ಬಿನ ಹೊಲದಲ್ಲಿ ರಾತ್ರಿ ನೀರು ಹಾಯಿಸಲು ಹೋದವರಿಗೆ ಹಾವು ಕಚ್ಚಿದರೆ ನೀವೇನು ಮಾಡುತ್ತೀರಿ? ಮಿರಜಕ್ಕೋ ಬೆಳಗಾವಿಗೋ ಹೋಗಲು ಗಾಡಿ ಹುಡುಕುತ್ತೀರಿ. ದೊಡ್ಡ ಡಾಕ್ಟರು ಇರುವುದು ಅಲ್ಲಿಯೇ ಅಲ್ಲವೇ?

ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ತಜ್ಞ ವಿಭಾಗವೆಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದೇ 2009ರಲ್ಲಿ. ಈಗ ಎಂ.ಡಿ. ಮುಗಿಸಿದವರೂ ವಿಷಚಿಕಿತ್ಸೆ, ಅಪಘಾತ ಚಿಕಿತ್ಸೆಗಳಲ್ಲಿ ಫೆಲೋಶಿಪ್ ಮಾಡುತ್ತಿದ್ದಾರೆ. ಸಂತೋಷವೇ. ಆದರೆ ಹೆಚ್ಚಿನವರು ಕಲಿಯುವುದೂ ನೆಲೆಸುವುದೂ ನಗರದಲ್ಲಿ. (ಸಾಲ ಮಾಡಿ ಓದಿದವರನ್ನು ಪೂರ್ತಿ ದೂರುವಂತೆಯೂ ಇಲ್ಲ.)

ಫೆಲೋಶಿಪ್ಪಿನ ಕೆಲವು ತಿಂಗಳಾದರೂ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಕಳೆಯುವುದು ಕಡ್ಡಾಯವಾಗಬೇಕೆಂದು ನನಗನಿಸುತ್ತದೆ. ಕೊಳಕುಮಂಡಲದ ವಿಷವೇರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಇದನ್ನು ತಿಳಿಯಲು ಯಂತ್ರ ಬೇಡ. ಸ್ವಚ್ಛವಾದ ಒಣ ಗಾಜಿನ ಕೊಳವೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ವಾಲಿಸಿದರಾಯಿತು. ಹರಿದರೆ ವಿಷನಿರೋಧಕ ಕೊಡಲೇಬೇಕು. ಕೆಲವರ ಮೈಗೆ ಆ ಔಷಧಿ ಒಗ್ಗದೆ ಉಸಿರು ಕಟ್ಟುವುದುಂಟು. ಆಗ ಅಡ್ರಿನಲಿನ್ ಕೈಯಳತೆಯಲ್ಲಿರಬೇಕು. ಒಬ್ಬರೇ ಇರುವ ಕಿರಿಯ ವೈದ್ಯರು ಇದಕ್ಕೇ ಹೆದರಿ ರೋಗಿಯನ್ನು ಮುಂದಿನ ಊರಿಗೆ ಕಳಿಸಿಬಿಡುತ್ತಾರೆ. ಪಕ್ಕದಲ್ಲಿ ಪಳಗಿದವರೊಬ್ಬರು ನಿಂತು ನಾಲ್ಕು ಸಲ ಮಾಡಿ ತೋರಿಸಿದರೆ ಆ ಹೆದರಿಕೆ ಹೋಗುತ್ತದೆ.

ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ತಜ್ಞರನ್ನು ಎಲ್ಲಿಗೆ ಕಳಿಸಬೇಕೆಂಬುದಕ್ಕೆ ಆ ಲೆಕ್ಕವೇ ದಾರಿ ತೋರಿಸಬಹುದು.

ಅಲ್ಲಿಯವರೆಗೆ ನೀವು ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ. ಕಚ್ಚಿದ ಕಾಲನ್ನು ಅಲುಗಿಸದೆ 108ಕ್ಕೆ ಫೋನ್ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಷನಿರೋಧಕ ಇದೆಯೇ, ರಾತ್ರಿ ಯಾರಿರುತ್ತಾರೆ ಎಂದು ಈ ವಾರವೇ ವಿಚಾರಿಸಿಡಿ.